ಆಸ್ಟ್ರೇಲಿಯಾದಲ್ಲಿ ಮದುವೆ ಆಗ್ತಿದೀರಾ? ಸೆಲೆಬ್ರೆಂಟ್ ಫಿಕ್ಸ್ ಮಾಡೋ ಮುಂಚೆ ಇಷ್ಟು ಓದ್ಕೊಳ್ಳಿ

ಸಿಡ್ನಿ, ಮೆಲ್ಬರ್ನ್ ಕಡೆ ನಮ್ಮೋರ ಮದುವೆ ಅಂದ್ರೆ ಮೊದಲು ಹಾಲ್ ಬುಕ್ ಆಗತ್ತೆ, ಬಾಳೆಎಲೆ ಊಟ ಯಾರು ಮಾಡ್ತಾರೆ ಅನ್ನೋ ಹುಡುಕಾಟ ಮುಗಿಯತ್ತೆ, ಪುರೋಹಿತರು ಸಿಗ್ತಾರೆ, ಮೇಕಪ್ಪಿಗೆ ಅಡ್ವಾನ್ಸ್ ಹೋಗತ್ತೆ, ಇದೆಲ್ಲ ಆದ್ಮೇಲೆ ಯಾರಿಗೋ ನೆನಪಾಗತ್ತೆ ಅಯ್ಯೋ ಸೆಲೆಬ್ರೆಂಟ್ ಬೇಕಲ್ವಾ ಅಂತ, ಅಂದ್ರೆ ಕಾನೂನುಬದ್ಧವಾಗಿ ಮದುವೆ ಮಾಡ್ಸೋಕೆ ಸರ್ಕಾರದ ಅಧಿಕಾರ ಇರೋರು. ಆಗ ಗೂಗಲ್‌ನಲ್ಲಿ ಚಂದದ ಫೋಟೋ ಹಾಕಿರೋ ಯಾರಿಗೋ ಫೋನ್ ಮಾಡಿ ಕೈ ತೊಳ್ಕೊಳ್ತಾರೆ. ಎಷ್ಟೋ ಸಲ ಅದೂ ಸರಿಯಾಗೇ ಆಗತ್ತೆ ಬಿಡಿ. ಆದ್ರೆ ಇಲ್ಲಿನ ಕಾನೂನಿನ ಪ್ರಕಾರ ನಿಮ್ಮ ಮದುವೆ ಆಗೋದು ಆ ವ್ಯಕ್ತಿ ಎದುರಲ್ಲಿ ನೀವು ಹೇಳೋ ನಾಲ್ಕು ಮಾತಿಂದ, ಹಾಲ್ ಬದಲಾಯಿಸಬಹುದು ಊಟ ಬದಲಾಯಿಸಬಹುದು ಆದ್ರೆ ಅಧಿಕೃತ ಸೆಲೆಬ್ರೆಂಟ್ ಇಲ್ದೆ ಮದುವೆನೇ ಇಲ್ಲ. ಹಂಗಾಗಿ ಹಾಲ್ ಬುಕ್ ಮಾಡೋ ವಾರದಲ್ಲೇ ಇದನ್ನೂ ಮಾಡ್ಕೊಳ್ಳಿ.

ಗೊತ್ತಿಲ್ಲದವರಿಗೆ ಒಂಚೂರು ಹಿನ್ನೆಲೆ. ಆಸ್ಟ್ರೇಲಿಯಾದಲ್ಲಿ ಮೊದಲೆಲ್ಲ ಮದುವೆ ಅಂದ್ರೆ ಒಂದೋ ಚರ್ಚು, ಇಲ್ಲಾಂದ್ರೆ ರಿಜಿಸ್ಟ್ರಿ ಆಫೀಸಲ್ಲಿ ಸರ್ಕಾರಿ ಗುಮಾಸ್ತರ ಮುಂದೆ ಸರಸರ ಸಹಿ. 1973ರಲ್ಲಿ ಆಗಿನ ಅಟಾರ್ನಿ ಜನರಲ್ ಲಯೋನೆಲ್ ಮರ್ಫಿ ಅನ್ನೋರು ಸಾಮಾನ್ಯ ಜನರಿಗೇ ಮದುವೆ ಮಾಡ್ಸೋ ಅಧಿಕಾರ ಕೊಡೋಕೆ ಶುರು ಮಾಡಿದ್ರು, ಧರ್ಮ ಬೇಡ ಅನ್ನೋರಿಗೂ ಒಂದು ಮರ್ಯಾದೆಯ ಸಮಾರಂಭ ಸಿಗಲಿ ಅಂತ. ಈಗ ಇಲ್ಲಿ ನಡೆಯೋ ಮದುವೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಇಂಥೋರೇ, ಅಂದ್ರೆ ಸಿವಿಲ್ ಸೆಲೆಬ್ರೆಂಟ್‌ಗಳೇ ಮಾಡ್ಸೋದು. ಬೀಚಲ್ಲಿ, ಪಾರ್ಕಲ್ಲಿ, ನಿಮ್ಮ ಮನೆ ಹಿತ್ತಲಲ್ಲಿ, ಎಲ್ಲಿ ಬೇಕಾದ್ರೂ ಯಾವ ಹೊತ್ತಲ್ಲಿ ಬೇಕಾದ್ರೂ ಮದುವೆ ಆಗಬಹುದು, ಬೆಳಗಿನ ಜಾವದ ಮುಹೂರ್ತ ಇದ್ರೂ ಕಾನೂನಿನ ಅಡ್ಡಿ ಇಲ್ಲ.

ಮೊದಲು ಇದನ್ನ ನೋಡ್ಕೊಳ್ಳಿ: ನೀವು ಈಗಾಗ್ಲೇ ಮದುವೆ ಆಗಿಬಿಟ್ಟಿದೀರಾ?

ನಗಬೇಡಿ. ನಮ್ಮೋರಲ್ಲಿ ಅತಿ ಹೆಚ್ಚು ಗೊಂದಲ ಇರೋದೇ ಇಲ್ಲಿ. ಹೋದ ರಜೆಲಿ ಮೈಸೂರಿಗೋ ಶಿವಮೊಗ್ಗಕ್ಕೋ ಹೋಗಿ ಧಾರೆ ಎರೆದು ಸಪ್ತಪದಿ ತುಳಿದು ಬಂದಿರ್ತಾರೆ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋಕೆ ಟೈಮ್ ಸಿಕ್ಕಿರಲ್ಲ, "ರಿಜಿಸ್ಟರ್ ಆಗಿಲ್ವಲ್ಲ, ಇಲ್ಲೇ ಲೀಗಲ್ ಆಗಿ ಮಾಡ್ಕೊಳ್ಳೋಣ" ಅಂತ ಸೆಲೆಬ್ರೆಂಟ್ ಹತ್ರ ಬರ್ತಾರೆ. ಆಗಲ್ಲ ಅದು. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ನಿಮ್ಮ ಸಂಪ್ರದಾಯದ ಶಾಸ್ತ್ರ ಆದ್ರೆ ಮದುವೆ ಆಯ್ತು, ಸಪ್ತಪದಿ ಇರೋ ಸಂಪ್ರದಾಯ ಆದ್ರೆ ಏಳನೇ ಹೆಜ್ಜೆ ಇಟ್ಟ ಕ್ಷಣಕ್ಕೆ ಪೂರ್ತಿ ಆಯ್ತು, ರಿಜಿಸ್ಟರ್ ಮಾಡ್ಸಿಲ್ಲ ಅಂದ ಮಾತ್ರಕ್ಕೆ ಅದು ಬಿದ್ದೋಗಲ್ಲ. ಊರಲ್ಲಿ ಸರಿಯಾಗಿ ಆದ ಮದುವೆನ ಆಸ್ಟ್ರೇಲಿಯಾ ಕೂಡ ಮದುವೆ ಅಂತಾನೇ ಒಪ್ಪತ್ತೆ, ಹಂಗಾಗಿ ಒಂದ್ಸಲ ಮದುವೆ ಆದೋರು ಇನ್ನೊಂದ್ಸಲ ಅದೇ ಗಂಡನ್ನೋ ಹೆಂಡತಿನೋ ಆಗ್ತೀನಿ ಅಂದ್ರೂ ಇಲ್ಲಿನ ಕಾನೂನು ಬಿಡಲ್ಲ. ಮದುವೆಗೆ ಮುಂಚೆ ಸೆಲೆಬ್ರೆಂಟಿಗೆ ಕೊಡೋ ನೋಟಿಸ್ ಫಾರ್ಮಲ್ಲಿ "ಮದುವೆ ಆಗಿಲ್ಲ" ಅಂತ ಬರೆದು ಸಹಿ ಹಾಕಿದ್ರೆ ಅದು ಸುಳ್ಳು ಹೇಳಿಕೆ ಆಗತ್ತೆ, ಮುಂದೆ ವೀಸಾ ಫೈಲಲ್ಲಿ ಧಾರೆ ಫೋಟೋ ಹಾಕಿದಾಗ ಎರಡಕ್ಕೂ ತಾಳೆ ಆಗಲ್ಲ.

ಅಂಥೋರಿಗೆ ದಾರಿ ಅಂದ್ರೆ ಊರಿನ ಮದುವೆನ ಊರಲ್ಲೇ ರಿಜಿಸ್ಟರ್ ಮಾಡ್ಸೋದು, ಇಲ್ಲಿನ ಸ್ನೇಹಿತರಿಗೋಸ್ಕರ ಏನಾದ್ರೂ ಬೇಕು ಅಂದ್ರೆ ಸೆಲೆಬ್ರೆಂಟ್ ಕರೆಸಿ ವಚನ ಪುನರುಚ್ಚಾರದ ಕಾರ್ಯಕ್ರಮ ಮಾಡ್ಕೋಬಹುದು, ಅದಕ್ಕೆ ಕಾನೂನಿನ ಬೆಲೆ ಇರಲ್ಲ ಸರ್ಟಿಫಿಕೇಟೂ ಇರಲ್ಲ ಅಷ್ಟೇ.

ಉಲ್ಟಾ ಕೇಸೂ ಇದೆ. ಇಲ್ಲಿ ಮೊದಲು ಸೆಲೆಬ್ರೆಂಟ್ ಮುಂದೆ ಲೀಗಲ್ ಮದುವೆ, ಆರು ತಿಂಗಳಾದ್ಮೇಲೆ ಬೆಂಗಳೂರಲ್ಲಿ ಅಪ್ಪ ಅಮ್ಮಂಗೋಸ್ಕರ ಛತ್ರದಲ್ಲಿ ಗ್ರ್ಯಾಂಡ್ ಆಗಿ. ಇದನ್ನ ತುಂಬಾ ಜನ ಮಾಡ್ತಾರೆ. ಒಂದೇ ಒಂದು ಎಚ್ಚರ, ಎಲ್ಲಾ ಅರ್ಜಿಲೂ ಮದುವೆ ದಿನಾಂಕ ಅಂತ ಇಲ್ಲಿನ ದಿನಾಂಕಾನೇ ಹಾಕಿ, ಒಂದು ಕಡೆ ಅದು ಇನ್ನೊಂದು ಕಡೆ ಇದು ಅಂತ ಹಾಕಿದ್ರೆ ಆಮೇಲೆ ವಿವರಣೆ ಪತ್ರ ಬರೀತಾ ಕೂರಬೇಕಾಗತ್ತೆ. ಇನ್ನು ಹುಡುಗ ಅಥವಾ ಹುಡುಗಿ ಪ್ರಾಸ್ಪೆಕ್ಟಿವ್ ಮ್ಯಾರೇಜ್ ವೀಸಾ, ಅಂದ್ರೆ ಸಬ್‌ಕ್ಲಾಸ್ 300ರಲ್ಲಿ ಬರೋದಾದ್ರೆ, ಅದು ಇನ್ನೂ ಮದುವೆ ಆಗ್ದೇ ಇರೋರ ವೀಸಾ, ನಿಶ್ಚಿತಾರ್ಥ ಮಾಡ್ಕೊಳ್ಳಿ ಆದ್ರೆ ಧಾರೆ ತನಕ ಹೋಗಬೇಡಿ, ಅಜ್ಜಿ ಎಷ್ಟೇ ಒತ್ತಾಯ ಮಾಡಿದ್ರೂ. ಈ ವೀಸಾಗೆ ಅರ್ಜಿ ಹಾಕುವಾಗ ಮದುವೆ ಯಾವತ್ತು ಎಲ್ಲಿ ಅಂತ ಸೆಲೆಬ್ರೆಂಟ್ ಕೈಲಿ ಲೆಟರ್ ಬೇಕು, ಹಂಗಾಗಿ ಇಂಥೋರು ಸೆಲೆಬ್ರೆಂಟನ್ನ ಹಾಲ್‌ಗಿಂತ ಮೊದಲೇ ಹಿಡೀಬೇಕು.

ಪುರೋಹಿತರನ್ನ ಒಂದು ಮಾತು ಕೇಳಿ

"ಸ್ವಾಮಿ, ನೀವು ಇಲ್ಲಿ ರಿಜಿಸ್ಟರ್ ಆಗಿರೋ ಸೆಲೆಬ್ರೆಂಟಾ?" ಅಂತ ನೇರವಾಗಿ ಕೇಳಿ, ಬೇಜಾರ್ ಮಾಡ್ಕೊಳ್ಳಲ್ಲ ಅವರು, ದಿನಾ ಕೇಳೋ ಪ್ರಶ್ನೆ. ಧಾರ್ಮಿಕ ವಿಧಿಲಿ ಮದುವೆ ಮಾಡ್ಸೋರಿಗೂ ಸರ್ಕಾರ ಅಧಿಕಾರ ಕೊಡತ್ತೆ, ಕೆಲವು ಪುರೋಹಿತರ ಹತ್ರ ಆ ನೋಂದಣಿ ಇರತ್ತೆ. ಇದ್ರೆ ನಿಮ್ಮ ಕೆಲಸ ಅರ್ಧ ಆಯ್ತು, ಒಬ್ಬರೇ ಎರಡೂ ಮಾಡ್ತಾರೆ. ಇಲ್ಲ ಅಂದ್ರೆ ಅವರು ಎಷ್ಟೇ ವೇದ ಓದ್ಕೊಂಡಿರಲಿ, ಅವರು ಮಾಡ್ಸಿದ ಧಾರೆ ಒಂದರಿಂದಲೇ ಆಸ್ಟ್ರೇಲಿಯಾದಲ್ಲಿ ಮದುವೆ ಅಂತ ಆಗಲ್ಲ, ಜೊತೆಗೆ ಸಿವಿಲ್ ಸೆಲೆಬ್ರೆಂಟ್ ಬೇಕೇ ಬೇಕು. ಸಿಡ್ನಿ ಕಡೆಯ ಹೆಲೆನ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನ ಆಗ್ಲಿ ಮೆಲ್ಬರ್ನ್ ಕಡೆಯ ಕ್ಯಾರಮ್ ಡೌನ್ಸ್ ಶಿವ ವಿಷ್ಣು ದೇವಸ್ಥಾನ ಆಗ್ಲಿ, ದೇವಸ್ಥಾನದಲ್ಲಿ ಆಗ್ತಿದೆ ಅಂದ್ಮೇಲೆ ಪೇಪರ್ ಕೆಲಸಾನೂ ಅಲ್ಲೇ ಆಗತ್ತೆ ಅಂತ ಅಂದ್ಕೊಂಡು ಸುಮ್ನಿರಬೇಡಿ, ಆಫೀಸಲ್ಲಿ ಕೇಳಿ ಬಾಯಿಮಾತಲ್ಲಿ ಅಲ್ಲ ಇಮೇಲ್‌ನಲ್ಲಿ ಉತ್ತರ ಇಸ್ಕೊಳ್ಳಿ.

ಶಾಸ್ತ್ರ ಗೀಸ್ತ್ರ ಏನೂ ಬೇಡ, ಇಬ್ಬರೇ ಹೋಗಿ ಸಹಿ ಹಾಕ್ತೀವಿ ಅನ್ನೋರಿಗೆ ರಾಜ್ಯ ಸರ್ಕಾರದ ರಿಜಿಸ್ಟ್ರಿ ಇದೆ, ಮೆಲ್ಬರ್ನಲ್ಲಿ ಓಲ್ಡ್ ಟ್ರೆಷರಿ ಬಿಲ್ಡಿಂಗ್‌ನಲ್ಲಿರೋದು ನೋಡೋಕೂ ಚೆನ್ನಾಗಿದೆ, ಫೋಟೋಗೆ ಆಗತ್ತೆ. ಅಲ್ಲಿ ಯಾರು ಮದುವೆ ಮಾಡ್ಸಬೇಕು ಅಂತ ನೀವು ಆರಿಸೋಕೆ ಆಗಲ್ಲ ಅಷ್ಟೇ.

ಅಂದ್ಹಾಗೆ ಇಂಗ್ಲೆಂಡಲ್ಲಿರೋ ಕಸಿನ್ ಮಾತು ಕೇಳಿ ತಲೆ ಕೆಡಿಸ್ಕೋಬೇಡಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇಂಡಿಪೆಂಡೆಂಟ್ ಸೆಲೆಬ್ರೆಂಟ್ ಮಾಡ್ಸಿದ ಸಮಾರಂಭಕ್ಕೆ ಕಾನೂನಿನ ಬೆಲೆ ಇಲ್ಲ, ಬೇರೆಯಾಗಿ ರಿಜಿಸ್ಟ್ರಾರ್ ಬೇಕು. ಹೆಸರು ಒಂದೇ ಆದ್ರೂ ಇಲ್ಲಿನೋರ ಅಧಿಕಾರ ಬೇರೆ.

ತಾರೀಖಿನ ಲೆಕ್ಕ

ಇಂಥೋರು ಮದುವೆ ಆಗ್ತೀವಿ ಅಂತ ಮುಂಚೇನೇ ಒಂದು ನೋಟಿಸ್ ಕೊಡಬೇಕು, ಇಲ್ಲಿನೋರು ಅದನ್ನ ನೋಯಿಮ್ ಅಂತಾರೆ, ನೋಟಿಸ್ ಆಫ್ ಇಂಟೆಂಡೆಡ್ ಮ್ಯಾರೇಜ್. ಮದುವೆಗೆ ಕಮ್ಮಿ ಅಂದ್ರೆ ಒಂದು ತಿಂಗಳು ಮುಂಚೆ ಅದು ಸೆಲೆಬ್ರೆಂಟ್ ಕೈ ಸೇರಬೇಕು, 18 ತಿಂಗಳಿಗಿಂತ ಮುಂಚೆ ಕೊಟ್ರೆ ನಡೆಯಲ್ಲ. ಅಂದ್ರೆ ಮಾರ್ಚ್ 10ಕ್ಕೆ ಕೊಟ್ರೆ ಏಪ್ರಿಲ್ 10ಕ್ಕೆ ಮದುವೆ ಆಗಬಹುದು, 9ಕ್ಕೆ ಆಗಲ್ಲ, ಮುಹೂರ್ತ 9ಕ್ಕೆ ಇದೆ ಅಂತ ಅತ್ರೂ ಆಗಲ್ಲ. ಗಡುವು ಕಮ್ಮಿ ಮಾಡ್ಸೋಕೆ ಅವಕಾಶ ಇದೆ, ಆದ್ರೆ ಅದಕ್ಕೆ ಬೇರೆ ಅಧಿಕಾರಿ ಹತ್ರ ಹೋಗಬೇಕು, ಕೆಲಸ ಅಥವಾ ಪ್ರಯಾಣ, ಆರೋಗ್ಯ, ಕೋರ್ಟ್ ಕೇಸು ಇಂಥ ಕೆಲವೇ ಕಾರಣಕ್ಕೆ ದಾಖಲೆ ತೋರಿಸಿದ್ರೆ ಕೊಡಬಹುದು ಕೊಡದೇನೂ ಇರಬಹುದು. ಸುಮ್ನೆ ಮರೆತೋಯ್ತು ಅನ್ನೋದು ಕಾರಣ ಅಲ್ಲ.

ಒಬ್ಬರು ಇನ್ನೂ ಊರಲ್ಲೇ ಇದ್ರೆ? ಹೆದರ್ಕೋಬೇಡಿ. ಇಬ್ಬರಲ್ಲಿ ಒಬ್ಬರ ಸಹಿ ತಕ್ಷಣ ಸಿಗೋ ಹಂಗಿಲ್ಲ ಅಂದ್ರೆ ಇನ್ನೊಬ್ಬರು ಸಹಿ ಹಾಕಿ ನೋಟಿಸ್ ಕೊಡಬಹುದು, ಉಳಿದೋರು ಮದುವೆಗೆ ಮುಂಚೆ ಸೆಲೆಬ್ರೆಂಟ್ ಎದುರು ಹಾಕಿದ್ರಾಯ್ತು. ಭಾರತದಲ್ಲೇ ಸಹಿ ಹಾಕಿ ಕಳಿಸ್ತೀನಿ ಅಂದ್ರೆ ನೋಟರಿ ಮುಂದೆ ಹಾಕಬಹುದು, 2024ರ ಜೂನ್‌ನಿಂದ ಈಚೆಗೆ ವಿಡಿಯೋ ಕಾಲಲ್ಲೇ ಸಹಿಗೆ ಸಾಕ್ಷಿ ಆಗೋಕೂ ಅವಕಾಶ ಕೊಟ್ಟಿದಾರೆ, ಅದನ್ನ ಮಾಡೋಕೆ ರೆಡಿ ಇದಾರಾ ಅಂತ ಸೆಲೆಬ್ರೆಂಟನ್ನೇ ಕೇಳಿ. ಮದುವೆ ಮಾತ್ರ ವಿಡಿಯೋದಲ್ಲಿ ಆಗಲ್ಲ, ಮೂರೂ ಜನ ಒಂದೇ ಜಾಗದಲ್ಲಿ ಇರಲೇಬೇಕು, ಜೊತೆಗೆ 18 ದಾಟಿದ ಇಬ್ಬರು ಸಾಕ್ಷಿಗಳು.

ಮುಹೂರ್ತದ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳ್ಬಿಡ್ತೀನಿ: ಊರಿನ ಪಂಚಾಂಗದಲ್ಲಿರೋ ಟೈಮನ್ನ ಹಂಗೇ ಇಲ್ಲಿಗೆ ಎತ್ತಾಕಬೇಡಿ, ಇಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕ್ಸಿ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದ ತನಕ ಸಿಡ್ನಿ, ಮೆಲ್ಬರ್ನ್, ಅಡಿಲೇಡ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇರತ್ತೆ, ಬ್ರಿಸ್ಬೇನ್, ಪರ್ತ್‌ನಲ್ಲಿ ಇರಲ್ಲ. ಜ್ಯೋತಿಷಿಗಳು ಈ ಡೇಲೈಟ್ ಸೇವಿಂಗ್ ಸೇರಿಸಿದಾರೋ ಇಲ್ವೋ ಕೇಳ್ಕೊಂಡೇ ಸೆಲೆಬ್ರೆಂಟಿಗೆ ಟೈಮ್ ಹೇಳಿ. ಬೆಳಿಗ್ಗೆ ಆರೂವರೆ ಅಂದ್ರೆ ಕೆಲವರು ಹೌಹಾರ್ತಾರೆ, ಕೆಲವರು ಖುಷಿಯಾಗೇ ಒಪ್ತಾರೆ, ಯಾಕಂದ್ರೆ ಮಧ್ಯಾಹ್ನ ಇನ್ನೊಂದು ಮದುವೆ ಹಿಡೀಬಹುದಲ್ಲ. ವಾರದ ಮಧ್ಯೆ ಮುಹೂರ್ತ ಬಂದ್ರೆ ನಿಮಗೇ ಲಾಭ, ಶನಿವಾರಗಳಷ್ಟು ಡಿಮ್ಯಾಂಡ್ ಇರಲ್ಲ, ಫೀಸಲ್ಲಿ ಮಾತಾಡೋಕೂ ಜಾಗ ಇರತ್ತೆ.

ಹುಡುಕೋದು, ಪರೀಕ್ಷೆ ಮಾಡೋದು

ಮೂರ್ನಾಲ್ಕು ಹೆಸರು ಸಾಕು, ಹತ್ತು ಹದಿನೈದು ಜನರಿಗೆ ಮೆಸೇಜ್ ಹಾಕಿ ಎಕ್ಸೆಲ್ ಶೀಟ್ ಮಾಡೋ ಐಟಿ ಚಟ ಇಲ್ಲಿ ಬೇಡ. ಮೊದಲು ಸ್ನೇಹಿತರ ಮದುವೇಲಿ ಯಾರು ಮಾಡ್ಸಿದ್ರು ಕೇಳಿ. ಕನ್ನಡ ಸಂಘದ ಹಿರಿಯರಿಗೆ ಗೊತ್ತಿರತ್ತೆ, ಪುರೋಹಿತರಿಗಂತೂ ಚೆನ್ನಾಗಿ ಗೊತ್ತಿರತ್ತೆ ಯಾವ ಸೆಲೆಬ್ರೆಂಟ್ ಜೊತೆ ಕೆಲಸ ಮಾಡೋದು ಸಲೀಸು ಯಾರ ಜೊತೆ ಕಿರಿಕಿರಿ ಅಂತ, ಮೆತ್ತಗೆ ಕೇಳಿದ್ರೆ ಹೇಳ್ತಾರೆ. ಫೋಟೋಗ್ರಾಫರೂ ಅಷ್ಟೇ, ವಾರ ವಾರ ಇವರನ್ನೆಲ್ಲ ನೋಡ್ತಿರ್ತಾರೆ.

ಹೆಸರು ಸಿಕ್ಕ ತಕ್ಷಣ ಅಟಾರ್ನಿ ಜನರಲ್ ಇಲಾಖೆ ವೆಬ್‌ಸೈಟಲ್ಲಿ ಅಧಿಕೃತ ಸೆಲೆಬ್ರೆಂಟ್‌ಗಳ ಪಟ್ಟಿ ಇದೆ, ಅಲ್ಲಿ ಹೆಸರು ಹಾಕಿ ನೋಡಿ. ಎರಡು ನಿಮಿಷದ ಕೆಲಸ. ಪಟ್ಟಿಲಿಲ್ಲ ಅಂದ್ರೆ ಅಲ್ಲಿಗೆ ಮುಗೀತು, ಇನ್‌ಸ್ಟಾಗ್ರಾಂನಲ್ಲಿ ಎಷ್ಟು ಸಾವಿರ ಫಾಲೋವರ್ಸ್ ಇದ್ರೂ ಬೇಡ. ನೋಂದಣಿ ಸುಮ್ನೆ ಸಿಗಲ್ಲ, ಅದಕ್ಕೆ ಅಂತಾನೇ ಕೋರ್ಸ್ ಮಾಡಿರಬೇಕು, ವರ್ಷ ವರ್ಷ ಶುಲ್ಕ ಕಟ್ಟಿ ಟ್ರೈನಿಂಗೂ ಮಾಡ್ತಿರಬೇಕು.

ಈಗ ಅಸಲಿ ವಿಷಯ, ಮೊದಲ ಮೀಟಿಂಗ್. ಕಾಫಿ ಕುಡೀತಾನೋ ಝೂಮಲ್ಲೋ ಅರ್ಧ ಗಂಟೆ ಫ್ರೀ ಆಗಿ ಮಾತಾಡೋಕೆ ಸುಮಾರು ಜನ ಒಪ್ತಾರೆ. ಅಲ್ಲಿ ಜನ ಏನು ತಪ್ಪು ಮಾಡ್ತಾರೆ ಅಂದ್ರೆ ಇವರು ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂತ ನೋಡ್ತಾರೆ. ಚೆನ್ನಾಗಿ ಮಾತಾಡ್ದೆ ಇರ್ತಾರಾ, ಅದೇ ಅವರ ಹೊಟ್ಟೆಪಾಡು! ನೀವು ನೋಡ್ಬೇಕಾಗಿರೋದು ನಿಮ್ಮ ಮಾತು ಎಷ್ಟು ಕೇಳಿಸ್ಕೊಳ್ತಾರೆ ಅನ್ನೋದನ್ನ. ಅರ್ಧ ಗಂಟೇಲಿ ಇಪ್ಪತ್ತು ನಿಮಿಷ ಅವರದ್ದೇ ಹಳೇ ಮದುವೆಗಳ ಕಥೆ ಆಗಿದ್ರೆ ನಿಮ್ಮ ಮಂಟಪದಲ್ಲೂ ಅದೇ ಆಗತ್ತೆ, ಈ ಕಡೆ ವಾಲಗದೋರು ಕಾಯ್ತಿರ್ತಾರೆ ಆ ಕಡೆ ಅವರ ಜೋಕು ಮುಗಿದಿರಲ್ಲ. ಅದೇ ಇನ್ನೊಬ್ಬರು ಪೆನ್ ತಗೊಂಡು "ಧಾರೆ ಅಂದ್ರೆ ಏನು, ಅದರಲ್ಲಿ ಯಾರ್ಯಾರು ಎಲ್ಲಿ ನಿಂತ್ಕೋತಾರೆ, ನಾನು ಎಲ್ಲಿ ನಿಂತ್ರೆ ನಿಮಗೆ ತೊಂದ್ರೆ ಆಗಲ್ಲ, ಚಪ್ಪಲಿ ಬಿಡಬೇಕಾ" ಅಂತ ಕೇಳಿದ್ರು ಅಂತಿಟ್ಕೊಳ್ಳಿ, ಕಣ್ಣುಮುಚ್ಕೊಂಡು ಫಿಕ್ಸ್ ಮಾಡಿ. ಅನುಭವ ಕಮ್ಮಿ ಇದ್ರೂ ಪರವಾಗಿಲ್ಲ. ಇಂಡಿಯನ್ ಮದುವೆ ನೂರು ಮಾಡ್ಸಿದೀನಿ ಅನ್ನೋರು ಪಂಜಾಬಿ ಮದುವೆ ನೋಡಿ ನಮ್ಮದೂ ಹಂಗೇ ಅಂದ್ಕೊಂಡು ಬಾರಾತ್ ಎಷ್ಟೊತ್ತಿಗೆ ಅಂತ ಕೇಳಿದ್ದೂ ಉಂಟು.

ಕೇಳಲೇಬೇಕಾದ ಪ್ರಶ್ನೆಗಳು ಕೆಲವು ಇವೆ. ಅದೇ ದಿನ ಇನ್ನೊಂದು ಮದುವೆ ಒಪ್ಕೊಂಡಿದೀರಾ? ಇದು ತುಂಬಾ ಮುಖ್ಯ, ಯಾಕಂದ್ರೆ ನಮ್ಮ ಮದುವೆ ಎಷ್ಟೊತ್ತಿಗೆ ಅಂತ ಪತ್ರಿಕೇಲಿ ಬರೆದಿದ್ರೂ ಶುರುವಾಗೋದು ಎಷ್ಟೊತ್ತಿಗೆ ಅಂತ ದೇವರಿಗೇ ಗೊತ್ತು, ಲೇಟಾದ್ರೆ ಎಷ್ಟು ಕಾಯ್ತೀರ, ಕಾದಿದ್ದಕ್ಕೆ ಎಕ್ಸ್‌ಟ್ರಾ ಎಷ್ಟು ಅಂತ ಮುಂಚೇನೇ ಕೇಳಿ. ಹುಷಾರಿಲ್ಲ ಅಂತಾದ್ರೆ ಯಾರನ್ನ ಕಳಿಸ್ತೀರ? ನೋಯಿಮನ್ನ ಇನ್ನೊಬ್ಬ ಸೆಲೆಬ್ರೆಂಟಿಗೆ ವರ್ಗಾಯಿಸೋಕೆ ಬರತ್ತೆ, ಮತ್ತೆ ಒಂದು ತಿಂಗಳು ಕಾಯೋ ಹಂಗಿಲ್ಲ, ಆದ್ರೆ ಆ ಇನ್ನೊಬ್ಬರು ಯಾರು ಅಂತ ಅವರ ತಲೇಲಿ ಈಗ್ಲೇ ಇರಬೇಕು. ಮೈಕು ಸ್ಪೀಕರ್ ನಿಮ್ಮದೇ ಇದೆಯಾ? ಮುನ್ನೂರು ಜನ ನಮ್ಮೋರು ಸೇರಿದ ಹಾಲಲ್ಲಿ ಕುತ್ತಿಗೆಗೆ ಸಿಗಿಸ್ಕೊಳ್ಳೋ ಪುಟ್ಟ ಸ್ಪೀಕರ್ ಏನೂ ಕೇಳಲ್ಲ, ಡಿಜೆ ಸಿಸ್ಟಮ್ಮಿಗೆ ಕನೆಕ್ಟ್ ಮಾಡೋಕೆ ಆಗತ್ತಾ ನೋಡ್ಕೊಳ್ಳಿ. ಹೋಮದ ಹೊಗೆ, ಸ್ಮೋಕ್ ಅಲಾರಂ ವಿಷಯ ಹಾಲಿನೋರ ಜೊತೆ, ಅದು ಸೆಲೆಬ್ರೆಂಟಿಗೆ ಸಂಬಂಧ ಇಲ್ಲ, ಆದ್ರೂ ಬೆಂಕಿ ಎದುರಲ್ಲಿ ನಿಂತ್ಕೊಳ್ಳೋಕೆ ಅವರಿಗೆ ತೊಂದ್ರೆ ಇಲ್ವಾ ಕೇಳಿಬಿಡಿ.

ಆಮೇಲೆ ಹೆಸರು. ನಿಮ್ಮಿಬ್ಬರ ಪೂರ್ತಿ ಹೆಸರನ್ನ ಸಮಾರಂಭದಲ್ಲಿ ಒಂದ್ಸಲ ಆದ್ರೂ ಹೇಳಬೇಕಾಗತ್ತೆ, ಜ್ಞಾನೇಶ್ವರ, ಶ್ರೀಲಕ್ಷ್ಮಿ, ವೆಂಕಟಕೃಷ್ಣ ಅಂತೆಲ್ಲ ಇದ್ರೆ ಅವರ ನಾಲಿಗೆ ಕಥೆ ಏನು. ಹೆಸರನ್ನ ವಾಯ್ಸ್ ನೋಟ್ ಮಾಡಿ ಕಳಿಸಿ, ಅವರು ವಾಪಸ್ ಹೇಳಿ ಕಳಿಸಲಿ. ನಾಚ್ಕೋಬೇಡಿ, ನಿಮ್ಮ ತಾತನ ಹೆಸರು ಅದು, ಸರಿಯಾಗಿ ಬರೋ ತನಕ ತಿದ್ದಿ. ತಿದ್ದಿದ್ದಕ್ಕೆ ಮುಖ ಸಣ್ಣ ಮಾಡೋರು ನಿಮಗೆ ಬೇಡವೇ ಬೇಡ.

ಶಾಸ್ತ್ರದ ನಡುವೆ ಲೀಗಲ್ ಭಾಗ ಎಲ್ಲಿ ಸೇರಿಸೋದು

ಕಾನೂನಿಗೆ ಬೇಕಾಗಿರೋದು ನಿಜವಾಗ್ಲೂ ಐದು ನಿಮಿಷ. ಸೆಲೆಬ್ರೆಂಟ್ ತಾನು ಯಾರು, ತನಗೆ ಈ ಅಧಿಕಾರ ಇದೆ ಅಂತ ಹೇಳಿ, ಮದುವೆ ಅನ್ನೋದು ಇಬ್ಬರು ವ್ಯಕ್ತಿಗಳು ಬೇರೆಲ್ಲರನ್ನೂ ಬಿಟ್ಟು ಸ್ವಂತ ಇಷ್ಟದಿಂದ ಜೀವನಪೂರ್ತಿಗೆ ಕೂಡೋದು ಅಂತ ಕಾಯ್ದೆಲಿರೋ ಮಾತನ್ನ ಓದ್ತಾರೆ. ಇದರ ಅರ್ಥನ ಅವರು ಬದಲಾಯಿಸೋ ಹಂಗಿಲ್ಲ, ಚಿಕ್ಕದು ಮಾಡಿ ಅಂತ ಕೇಳಬೇಡಿ. ಮೊದಲು ಗಂಡು ಹೆಣ್ಣು ಅಂತ ಇತ್ತು, 2017ರ ಡಿಸೆಂಬರಲ್ಲಿ ಕಾಯ್ದೆ ತಿದ್ದುಪಡಿ ಆಗಿ ಇಬ್ಬರು ವ್ಯಕ್ತಿಗಳು ಅಂತಾಯ್ತು, ಹಂಗಾಗಿ ಸಲಿಂಗಿ ಜೋಡಿಗೂ ಇದೇ ದಾರಿ ಇದೇ ಫಾರ್ಮು. ಆಮೇಲೆ ನೀವಿಬ್ಬರೂ ಒಬ್ಬರಿಗೊಬ್ಬರು, ಇಲ್ಲಿ ಸೇರಿರೋರೆಲ್ಲ ಸಾಕ್ಷಿಯಾಗಿ ಇಂಥೋನಾದ ನಾನು ಇಂಥೋಳನ್ನ ಕಾನೂನುಬದ್ಧ ಹೆಂಡತಿಯಾಗಿ ಒಪ್ಕೊಳ್ತೀನಿ, ಇಂಥೋಳಾದ ನಾನು ಇಂಥೋನನ್ನ ಅಂತ ಹೇಳ್ಕೋಬೇಕು. ಸಹಿ. ಮುಗೀತು. ಉಂಗುರ, ಹಾರ, ಮುತ್ತು ಯಾವುದೂ ಕಡ್ಡಾಯ ಅಲ್ಲ. ಮುತ್ತಿನ ವಿಷಯ ಮುಂಚೇನೇ ಹೇಳಿಡಿ ಮಾರಾಯ್ರೆ, ಕೆಲವರು ಅಭ್ಯಾಸಬಲದಿಂದ "ಯು ಮೇ ಕಿಸ್ ದ ಬ್ರೈಡ್" ಅಂದುಬಿಡ್ತಾರೆ, ಮುಂದಿನ ಸಾಲಲ್ಲಿ ಅಜ್ಜಿ ಕೂತಿರ್ತಾರೆ, ಎಲ್ಲರೂ ಒಟ್ಟಿಗೆ ಸೀಲಿಂಗ್ ನೋಡ್ತಾರೆ.

ಎಲ್ಲಿ ಸೇರಿಸೋದು ಅನ್ನೋದಕ್ಕೆ ನಾನು ನೋಡಿದ್ರಲ್ಲಿ ಚೆನ್ನಾಗಿ ಕೂರೋದು ಎರಡು ಜಾಗ. ಒಂದು, ಅಂತರಪಟ ಸರಿಸಿ ಜೀರಿಗೆ ಬೆಲ್ಲ ಹಾಕಿ ಹಾರ ಬದಲಾಯಿಸಿದ್ಮೇಲೆ, ಧಾರೆಗೆ ಮುಂಚೆ ಒಂದು ಬಿಡುವು ಸಿಗತ್ತಲ್ಲ ಅಲ್ಲಿ. ಎಲ್ಲರ ಗಮನ ಮಂಟಪದ ಮೇಲೇ ಇರತ್ತೆ, ಇಬ್ಬರೂ ಎದುರುಬದುರು ನಿಂತೂ ಇರ್ತಾರೆ. ಇನ್ನೊಂದು, ಸಪ್ತಪದಿ ಎಲ್ಲ ಮುಗಿದ ಮೇಲೆ. ಇದರಲ್ಲಿ ತೊಂದ್ರೆ ಏನಂದ್ರೆ ಅಷ್ಟೊತ್ತಿಗೆ ಅರ್ಧ ಜನ ಊಟದ ಕ್ಯೂನಲ್ಲಿರ್ತಾರೆ, ಸಾಕ್ಷಿ ಹಾಕಬೇಕಾದ ಸೋದರಮಾವ ಕೈಗೆ ಸಿಗಲ್ಲ. ಶಾಸ್ತ್ರ ನಿಲ್ಲಿಸೋದು ಬೇಡ ಅನ್ನೋ ಮನೆಯೋರಾದ್ರೆ ಹಿಂದಿನ ದಿನಾನೇ ವರಪೂಜೆ ಹೊತ್ತಲ್ಲಿ ಲೀಗಲ್ ಭಾಗ ಮುಗಿಸಬಹುದು, ಆಗ ನಿಮ್ಮ ಮದುವೆ ದಿನಾಂಕ ಹಿಂದಿನ ದಿನದ್ದೇ ಆಗತ್ತೆ ಅನ್ನೋದು ಮಾತ್ರ ನೆನಪಿರಲಿ, ಮುಹೂರ್ತದ ದಿನಾಂಕಾನೇ ಸರ್ಟಿಫಿಕೇಟಲ್ಲಿ ಬೇಕು ಅನ್ನೋ ಮಾವನೋರಿಗೆ ಇದು ಹಿಡಿಸಲ್ಲ.

ಏನೇ ಮಾಡಿ, ಪುರೋಹಿತರನ್ನೂ ಸೆಲೆಬ್ರೆಂಟನ್ನೂ ಮದುವೆಗೆ ಮುಂಚೆ ಒಂದ್ಸಲ ಫೋನಲ್ಲಾದ್ರೂ ಮಾತಾಡಿಸಿ. ಇಬ್ಬರಿಗೂ ಒಂದೇ ಪೇಜ್ ರನ್‌ಶೀಟ್, ಅಂದ್ರೆ ಯಾವಾಗ ಏನು ಅನ್ನೋ ಪಟ್ಟಿ ಕೊಡಿ. ಮಂಟಪದಲ್ಲಿ ಮೈಕಿಗೋಸ್ಕರ ಇಬ್ಬರು ಕಿತ್ತಾಡೋದನ್ನ ನೋಡೋಕಿಂತ ಮುಜುಗರ ಇನ್ನೊಂದಿಲ್ಲ.

ಭಾಷೆ ವಿಷಯ. ಸುಲಭದ ದಾರಿ ಅಂದ್ರೆ ಕಾನೂನಿನ ಮಾತುಗಳನ್ನ ಇಂಗ್ಲಿಷಲ್ಲಿ ಹೇಳಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳೋದು, ಊರಿಂದ ಬಂದೋರಿಗೂ ಏನಾಗ್ತಿದೆ ಅಂತ ಗೊತ್ತಾಗತ್ತೆ. ಮದುಮಗನಿಗೋ ಮದುಮಗಳಿಗೋ ಇಂಗ್ಲಿಷ್ ಸರಿಯಾಗಿ ಅರ್ಥ ಆಗಲ್ಲ ಅಂದ್ರೆ ಕಾನೂನು ದುಭಾಷಿ ಇಟ್ಕೊಳ್ಳೋಕೆ ಬಿಡತ್ತೆ, ಸರಿಯಾಗಿ ಅನುವಾದ ಮಾಡಿದೀನಿ ಅಂತ ಅವರು ಸಹಿ ಹಾಕಬೇಕಾಗತ್ತೆ, ಹಂಗಾಗಿ ಬಾಯಿಗೆ ಬಂದಂಗೆ ಸೇರಿಸಿ ಹೇಳೋ ಚಿಕ್ಕಪ್ಪನನ್ನ ಈ ಕೆಲಸಕ್ಕೆ ಹಾಕಬೇಡಿ. ಕನ್ನಡ ಮಾತಾಡೋ ಸೆಲೆಬ್ರೆಂಟ್ ಸಿಕ್ಕಿದ್ರೆ ಅದೃಷ್ಟ. ಸಿಗದೇ ಇದ್ರೂ ಕನ್ನಡದ ಭಾಗನ ಮನೆ ಹಿರಿಯರೋ ಸ್ನೇಹಿತರೋ ನಡೆಸಬಹುದು, ಕಾನೂನಿನ ಐದು ನಿಮಿಷ ಸೆಲೆಬ್ರೆಂಟ್ ಮಾಡ್ಲಿ, ಉಳಿದಿದ್ದು ನಿಮ್ಮಿಷ್ಟ.

ಪುರೋಹಿತರೇ ಬೇಡ, ಆದ್ರೆ ಬರೀ ಇಂಗ್ಲಿಷ್ ಸೆರೆಮನಿ ಬೋಳು ಬೋಳು ಅನ್ಸತ್ತೆ ಅನ್ನೋರಿಗೆ ನಮ್ಮಲ್ಲೇ ಒಂದು ದಾರಿ ಇದೆ, ಕುವೆಂಪು ಹಾಕಿಕೊಟ್ಟ ಮಂತ್ರ ಮಾಂಗಲ್ಯ. ತಮ್ಮ ಮಗ ತೇಜಸ್ವಿ ಅವರ ಮದುವೆನೇ ಹಿಂಗೆ ಮಾಡಿದ್ರು. ಹಿರಿಯರೊಬ್ಬರು ಓದ್ತಾರೆ, ಗಂಡು ಹೆಣ್ಣು ಅರ್ಥ ಆಗೋ ಕನ್ನಡದಲ್ಲಿ ಪ್ರತಿಜ್ಞೆ ಹೇಳ್ತಾರೆ, ವರದಕ್ಷಿಣೆ ಇಲ್ಲ ಆಡಂಬರ ಇಲ್ಲ. ಸಿವಿಲ್ ಸೆಲೆಬ್ರೆಂಟ್ ಜೊತೆ ಇದು ಎಷ್ಟು ಚೆನ್ನಾಗಿ ಹೊಂದತ್ತೆ ಅಂದ್ರೆ ಬಹಳ ಜನ ಯಾಕೆ ಮಾಡಲ್ಲ ಅಂತ ನನಗೆ ಆಶ್ಚರ್ಯ. ಇಂಗ್ಲಿಷ್ ಅರ್ಥ ಬರೆದು ಸೆಲೆಬ್ರೆಂಟಿಗೆ ಮುಂಚೆ ಕೊಡಿ, ಖುಷಿ ಪಡ್ತಾರೆ.

ದುಡ್ಡು

ಫೀಸ್ ಇಷ್ಟೇ ಅಂತ ಸರ್ಕಾರದ ನಿಗದಿ ಇಲ್ಲ, ಅವರವರ ರೇಟು. ಬರೀ ಪೇಪರ್ ಮತ್ತೆ ಐದು ನಿಮಿಷದ ಲೀಗಲ್ ಭಾಗ ಮಾತ್ರ ಅಂದ್ರೆ ಕಮ್ಮಿ, ನಿಮ್ಮ ಕಥೆ ಕೇಳಿ ಬರೆದು ರಿಹರ್ಸಲ್ ಮಾಡ್ಸಿ ಪೂರ್ತಿ ಸಮಾರಂಭ ನಡೆಸ್ತಾರೆ ಅಂದ್ರೆ ಅದರ ಎರಡು ಮೂರು ಪಟ್ಟು. ಪುರೋಹಿತರು ಶಾಸ್ತ್ರ ಮಾಡ್ಸೋ ಮದುವೆಗೆ ಮೊದಲನೇದೇ ಸಾಕು, ಪೂರ್ತಿ ಪ್ಯಾಕೇಜ್ ತಗೊಂಡ್ರೆ ಎರಡು ಮದುವೆ ಒಂದೇ ದಿನ ನೋಡ್ದಂಗಾಗತ್ತೆ ಜನಕ್ಕೆ. ಟ್ರಾವೆಲ್, ಕಾಯೋ ಚಾರ್ಜ್, ಸರ್ಟಿಫಿಕೇಟ್ ಶುಲ್ಕ ಸೇರಿದೆಯಾ ಇಲ್ವಾ, ಕ್ಯಾನ್ಸಲ್ ಆದ್ರೆ ಎಷ್ಟು ವಾಪಸ್, ಇದೆಲ್ಲ ಬರಹದಲ್ಲಿ ಇರಲಿ. ಬರಹದಲ್ಲಿ ಕೊಡಲ್ಲ ಅನ್ನೋರಿಗೆ ಡೆಪಾಸಿಟ್ ಕಟ್ಟಬೇಡಿ.

ಕಾಗದ ಪತ್ರ, ಮತ್ತೆ ಒಂಟಿಯಾಗಿ ಮಾತಾಡೋದು

ಇಬ್ಬರ ಪಾಸ್‌ಪೋರ್ಟ್ ಇದ್ರೆ ಹುಟ್ಟಿದ ದಿನ ಊರು ಗುರುತು ಮೂರಕ್ಕೂ ಆಗತ್ತೆ. ಮೊದಲು ಮದುವೆ ಆಗಿದ್ರೆ ಡೈವೋರ್ಸ್ ಆದೇಶ ಅಥವಾ ಮರಣ ಪತ್ರ ಬೇಕೇ ಬೇಕು, ಅದು ಕನ್ನಡದಲ್ಲಿದ್ರೆ ಅಧಿಕೃತ ಇಂಗ್ಲಿಷ್ ಅನುವಾದ. ಇಲ್ಲಿ ಸಿಕ್ಕ ಡೈವೋರ್ಸ್ ಆದ್ರೆ ಕೋರ್ಟ್ ಆದೇಶ ಕೊಟ್ಟ ತಕ್ಷಣ ಜಾರಿಗೆ ಬರಲ್ಲ, ಒಂದು ತಿಂಗಳು ಕಳೀಬೇಕು, ಅದಕ್ಕಿಂತ ಮುಂಚೆ ಮದುವೆ ದಿನ ಇಟ್ಕೋಬೇಡಿ. ನಮ್ಮೋರ ಇನ್ನೊಂದು ತಲೆನೋವು ಇನಿಷಿಯಲ್ಲು: ಮಾರ್ಕ್ಸ್ ಕಾರ್ಡಲ್ಲಿ ಒಂದು, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ, ಇಲ್ಲಿನ ಲೈಸೆನ್ಸಲ್ಲಿ ಹೆಸರೇ ಹಿಂದುಮುಂದು. ನೋಯಿಮಲ್ಲಿ ಪಾಸ್‌ಪೋರ್ಟಲ್ಲಿ ಇರೋ ಥರಾನೇ ಬರೀರಿ, ಅಕ್ಷರ ಅಕ್ಷರ ನೋಡಿ, ಒಳ್ಳೆ ಸೆಲೆಬ್ರೆಂಟ್ ಆದ್ರೆ ಅವರೇ ಕೂತು ನೋಡ್ತಾರೆ.

2024ರ ಜೂನ್‌ನಿಂದ ಇನ್ನೊಂದು ನಿಯಮ ಬಂದಿದೆ, ಮದುವೆಗೆ ಮುಂಚೆ ಸೆಲೆಬ್ರೆಂಟ್ ಇಬ್ಬರನ್ನೂ ಬೇರೆ ಬೇರೆಯಾಗಿ, ಎದುರಲ್ಲೇ ಕೂರಿಸ್ಕೊಂಡು ಮಾತಾಡಬೇಕು, ಇದು ನಿಮ್ಮ ಸ್ವಂತ ಇಷ್ಟನಾ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಅಪ್ಪ ಅಮ್ಮ ಜೊತೆಗೆ ಕೂತ್ಕೊಳ್ಳೋ ಹಂಗಿಲ್ಲ, ನಿಮ್ಮನ್ನ ಮದುವೆ ಆಗೋರೂ ಕೂತ್ಕೊಳ್ಳೋ ಹಂಗಿಲ್ಲ. ಕೆಲವು ಮನೆಗಳಲ್ಲಿ ಇದು ಅನುಮಾನ ಪಟ್ಟಂಗೆ ಅನ್ಸಿ ಸಿಟ್ಟು ಬರತ್ತೆ, ಎಲ್ಲರಿಗೂ ಇದೇ ರೂಲು ಅಂತ ಮುಂಚೆನೇ ಹೇಳಿಡಿ. ಇದನ್ನ ಮದುವೆ ದಿನದ ಗಲಾಟೇಲಿ ಎರಡು ನಿಮಿಷಕ್ಕೆ ಮುಗಿಸ್ತೀನಿ ಅನ್ನೋರಿಗಿಂತ ವಾರ ಮುಂಚೆನೇ ಟೈಮ್ ಕೊಡೋರು ವಾಸಿ, ವಿಶೇಷವಾಗಿ ಒಬ್ಬರು ಈಗಷ್ಟೇ ಊರಿಂದ ಬಂದಿಳಿದಿದ್ರೆ. ಯಾರಿಗಾದ್ರೂ ನಿಜವಾಗ್ಲೂ ಒತ್ತಾಯ ಇದ್ರೆ ಬಾಯಿ ಬಿಡೋ ಜಾಗ ಅದೇ, ಬಲವಂತದ ಮದುವೆ ಇಲ್ಲಿ ಅಪರಾಧ. ಮದುವೆಗೆ ಅಡ್ಡಿ ಏನಿಲ್ಲ ಅಂತ ಇನ್ನೊಂದು ಘೋಷಣೆಗೂ ಆಗ ಇಬ್ಬರೂ ಸಹಿ ಹಾಕ್ತೀರ.

ಮದುವೆ ಆದ್ಮೇಲೆ

ಆ ದಿನ ಕೈಗೆ ಕೊಡೋ ಚಂದದ ಸರ್ಟಿಫಿಕೇಟನ್ನ ಫ್ರೇಮ್ ಹಾಕ್ಸಿ, ಪಾಸ್‌ಪೋರ್ಟ್ ಆಫೀಸಿಗೆ ಸಾಮಾನ್ಯವಾಗಿ ಅದು ನಡೆಯಲ್ಲ. ಸೆಲೆಬ್ರೆಂಟ್ 14 ದಿನದೊಳಗೆ ಪೇಪರ್ಸನ್ನ ರಾಜ್ಯದ ಬರ್ತ್ಸ್ ಡೆತ್ಸ್ ಅಂಡ್ ಮ್ಯಾರೇಜಸ್ ಆಫೀಸಿಗೆ ಕಳಿಸಬೇಕು, ನೋಂದಣಿ ಆದ್ಮೇಲೆ ನೀವು ದುಡ್ಡು ಕಟ್ಟಿ ಅಲ್ಲಿಂದ ಅಧಿಕೃತ ಸರ್ಟಿಫಿಕೇಟ್ ತರಿಸ್ಕೋಬೇಕು, ಹೆಸರು ಬದಲಾಯಿಸೋಕೆ, ವೀಸಾಗೆ ಎಲ್ಲಕ್ಕೂ ಅದೇ. ಮೂರನೇ ವಾರ ಸೆಲೆಬ್ರೆಂಟಿಗೆ ಒಂದು ಮೆಸೇಜ್ ಹಾಕಿ ಕಳಿಸಿದ್ರಾ ಅಂತ ಕೇಳಿ, ತಪ್ಪೇನಿಲ್ಲ. ಭಾರತದಲ್ಲಿ ಉಪಯೋಗ ಇದೆ ಅಂದ್ರೆ ಅದಕ್ಕೆ ಇಲ್ಲಿನ ವಿದೇಶಾಂಗ ಇಲಾಖೆಯ ಅಪೊಸ್ಟೈಲ್, ಅಂದ್ರೆ ದಾಖಲೆ ಅಸಲಿ ಅಂತ ಬೇರೆ ದೇಶದೋರು ಒಪ್ಪೋ ಮುದ್ರೆ ಹಾಕ್ಸಿ, ಊರಿಗೆ ಹೋಗೋ ಟಿಕೆಟ್ ಬುಕ್ ಮಾಡೋ ಮುಂಚೆನೇ ಹಾಕ್ಸಿ, ಮತ್ತೆ ಕವರ್ ಬಿಚ್ಚಿದ ತಕ್ಷಣ ಎರಡೂ ಕಡೆ ಅಪ್ಪ ಅಮ್ಮಂದಿರ ಹೆಸರಿನ ಸ್ಪೆಲಿಂಗ್ ನೋಡ್ಕೊಳ್ಳಿ.